ಭಟ್ಟಿಯ ಯಾತ್ರೆಯೂ ನಮ್ಮ ಮನೆಯ ಯೋಜನೆಯೂ

ಪ್ರವಾಸವೆಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಯಾತ್ರೆಯೆಂದೇ ಅರ್ಥ. ಕಾಶಿ, ರಾಮೇಶ್ವರ, ತಿರುಪತಿ. ಸಮೀಪದಲ್ಲಾದರೆ ಧರ್ಮಸ್ಥಳ, ಕೊಲ್ಲೂರು. ಹೊರಡುವ ಮೊದಲು ಹರಕೆ, ಹಿಂದಿರುಗಿದ ಮೇಲೆ ಪ್ರಸಾದದ ಹಂಚಿಕೆ. ಹೀಗಿರುವಲ್ಲಿ, ಮದ್ಯದ ಭಟ್ಟಿಗಳನ್ನು ನೋಡಿ ಬರುವುದಕ್ಕಾಗಿಯೇ ಹಳ್ಳಿಗಾಡಿನಲ್ಲಿ ವಾರಗಟ್ಟಲೆ ಸಂಚರಿಸುವ ಜನರೂ ಲೋಕದಲ್ಲಿ ಇದ್ದಾರೆಂಬ ವಾರ್ತೆಯು ಈ ಸಲ ನಮ್ಮ ಊಟದ ಮನೆಗೇ ಬಂದು ತಲಪಿತು. ಅದರಿಂದ ನಮ್ಮಲ್ಲಿ ಹುಟ್ಟಿದ ಚರ್ಚೆ, ನಡುವೆ ಬಂದೊದಗಿದ ಮೌನ, ಕೊನೆಗೆ ನಿಶ್ಚಯವಾದ ಒಂದು ಪ್ರವಾಸದ ಕ್ರಮ, ಇವನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ. ಪಾನದ ಪ್ರಶಂಸೆಯನ್ನು ಇಲ್ಲಿ ಯಾರೂ ನಿರೀಕ್ಷಿಸಬೇಕಾಗಿಲ್ಲ.

ನಮ್ಮ ತಂಗಿಯ ಮಗನು ಎಡಿನ್‌ಬರೋ ನಗರದಲ್ಲಿ ವ್ಯಾಸಂಗ ಮಾಡುತ್ತಿರುವವನು. ರಜೆಯಲ್ಲಿ ಉಡುಪಿಗೆ ಬಂದು ನಮ್ಮಲ್ಲಿ ಇಳಿದುಕೊಂಡಿದ್ದಾನೆ. ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ, ಅಲ್ಲಿ ಬಿಡುವಿನ ದಿನಗಳನ್ನು ಹೇಗೆ ಕಳೆಯುತ್ತೀಯೆಂದು ವಿಚಾರಿಸಿದೆವು. ಅವನು ಸಂಕೋಚವಿಲ್ಲದೆ ಹೇಳಿದನು. ಸ್ಕಾಟ್ಲೆಂಡಿನ ಉತ್ತರದಲ್ಲಿ ಸ್ಪೇ ಎಂಬ ನದಿಯಿದೆ. ಅದರ ಆಸುಪಾಸಿನ ಹಳ್ಳಿಗಳಲ್ಲಿ ಐವತ್ತರಷ್ಟು ವಿಸ್ಕಿಯ ಭಟ್ಟಿಗಳಿವೆ. ಜನರು ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಭಟ್ಟಿಗಳಂತೆ ನೋಡುತ್ತ, ನಡುವೆ ಹೊಳೆಯ ದಡದಲ್ಲಿ ನಡೆಯುತ್ತ, ರಾತ್ರಿ ಹಳ್ಳಿಯವರ ಮನೆಗಳಲ್ಲಿ ಹಣಕೊಟ್ಟು ತಂಗುತ್ತ ಸಾಗುತ್ತಾರೆ. ಪಶ್ಚಿಮದ ಐಲಾ ದ್ವೀಪದಲ್ಲಿಯಂತೂ ಮೂರು ಭಟ್ಟಿಗಳನ್ನು ಕೂಡಿಸುವ ಕಾಲುದಾರಿಯನ್ನೇ ಮಾಡಿಟ್ಟಿದ್ದಾರೆ. ಬಂಡಿ ನಡೆಸುವವನ ಪಾಲನ್ನು ಅಲ್ಲಿಯೇ ಕುಡಿಯಗೊಡದೆ ಪುಟ್ಟ ಸೀಸೆಯಲ್ಲಿ ತುಂಬಿ ಮನೆಗೆ ಒಯ್ಯಲು ಕೊಡುವ ಪದ್ಧತಿಯೂ ಹಲವೆಡೆಗಳಲ್ಲಿ ಇದೆಯಂತೆ. ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತು. ನಮ್ಮೂರಿನ ಮದುವೆ ದಿಬ್ಬಣಗಳ ಬಂಡಿಯವರಿಗೂ ಇಂತಹದೊಂದು ಏರ್ಪಾಡು ಇದ್ದಿದ್ದರೆ ಎಷ್ಟೋ ಮನೆಗಳ ಕಣ್ಣೀರು ಉಳಿಯುತ್ತಿತ್ತು.

ವಿಸ್ಕಿಯನ್ನು ಮಾಡುವ ಬಗೆಯನ್ನು ಅವನು ಬಿಡಿಸಿ ಹೇಳಿದಾಗ, ಅದರಲ್ಲಿ ಅಡಿಗೆಮನೆಗೆ ಅಪರಿಚಿತವಾದುದು ಬಲು ಸ್ವಲ್ಪವೆಂದು ತೋರಿತು. ಜವೆಗೋದಿಯನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಒಂದು ಬಗೆಯ ಸತ್ತ್ವವು ಮುಂದೆ ಅದರ ಹಿಟ್ಟನ್ನು ಸಕ್ಕರೆಯಾಗಿ ಮಾರ್ಪಡಿಸಬಲ್ಲದು. ನಮ್ಮ ಗೃಹಿಣಿಯರು ಕೂಸುಗಳಿಗೆಂದು ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವ ಮಾಲ್ಟು ಇದರ ಸಾಕ್ಷಾತ್ ಸೋದರಿ. ಹೆಸರು ಕೂಡ ಅದೇ. ಮೊಳೆತ ಜವೆಯನ್ನು ಒಣಗಿಸಿ ಬೀಸಿ ಬಿಸಿನೀರಿನಲ್ಲಿ ಕದಡಿ ಸಿಹಿನೀರನ್ನು ಬಸಿಯುತ್ತಾರೆ. ಅದಕ್ಕೆ ಹುದುಗುಬರಿಸುವ ಕಿಣ್ವವನ್ನು ಸೇರಿಸಿ ಎರಡು ಮೂರು ದಿನ ಬಿಟ್ಟರೆ, ನೂರಕ್ಕೆ ಎಂಟರಷ್ಟು ಮದ್ಯಸಾರವುಳ್ಳ ಹುಳಿನೀರು ಸಿದ್ಧ. ಭಟ್ಟಿಯ ಕೆಲಸ ಇಲ್ಲಿಂದ ಮುಂದೆ. ನೀರು ಕುದಿಯುವುದು ೧೦೦ ಡಿಗ್ರಿಯ ಬಿಸಿಯಲ್ಲಿ. ಮದ್ಯಸಾರ ಕುದಿಯುವುದು ೭೮ರಲ್ಲಿ. ಆದುದರಿಂದ ತಾಮ್ರದ ಹಂಡೆಯಲ್ಲಿಟ್ಟು ಕಾಯಿಸಿದಾಗ ಮದ್ಯಸಾರವೇ ಮುಂದಾಗಿ ಆವಿಯಾಗಿ ಏರುತ್ತದೆ. ಆ ಆವಿಯನ್ನು ತಣಿಸಿ ಹಿಡಿದು, ಮತ್ತೊಮ್ಮೆ ಕಾಯಿಸಿ, ಮೊದಲು ಬಂದುದನ್ನೂ ಕಡೆಗೆ ಬಂದುದನ್ನೂ ಬೇರೆಮಾಡಿ, ನಡುವಿನದನ್ನು ಮಾತ್ರ ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ಮೂರು ವರ್ಷವಾದರೂ ಪೀಪಾಯಿಯಲ್ಲಿ ಮಲಗದೆ ಅದಕ್ಕೆ ಸ್ಕಾಚ್ ವಿಸ್ಕಿಯೆಂಬ ಹೆಸರು ಅಲ್ಲಿಯ ಕಾನೂನಿನಲ್ಲಿ ಸಲ್ಲದು. ೧೪೯೪ರ ಅರಮನೆಯ ಲೆಕ್ಕದ ದಾಖಲೆಯಲ್ಲಿ ಒಬ್ಬ ಸಂನ್ಯಾಸಿಗೆ ಈ ಕೆಲಸಕ್ಕೆಂದು ಮಾಲ್ಟನ್ನು ಅಳೆದುಕೊಟ್ಟ ಬರಹವಿದೆಯೆಂದು ಕೇಳಿ ನಮ್ಮ ಮನೆಯವರು, "ಸಂನ್ಯಾಸಿಗೇ?" ಎಂದು ನಕ್ಕರು. ಆ ರಾತ್ರಿ ಅವರು ನಕ್ಕುದು ಅದೊಂದೇ ಸಲ.

ಪೀಪಾಯಿಯಲ್ಲಿ ಮಲಗಿರುವ ಸರಕು ಪ್ರತಿವರ್ಷವೂ ಸ್ವಲ್ಪ ಸ್ವಲ್ಪ ಗಾಳಿಗೆ ಹೋಗುತ್ತದೆ. ಅದನ್ನು ದೇವದೂತರ ಪಾಲೆಂದು ಅಲ್ಲಿಯವರು ಕರೆಯುತ್ತಾರೆ. ಚಳಿಯ ನಾಡಾದ ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ನೂರಕ್ಕೆ ಎರಡರಷ್ಟು. ನಮ್ಮ ಬೆಂಗಳೂರಿನಲ್ಲಿ ಹತ್ತಕ್ಕೂ ಮಿಕ್ಕುತ್ತದೆ. ಬೆಂಗಳೂರಿನ ಮಾತು ಇಲ್ಲೇಕೆಂದರೆ, ೧೯೪೮ರಲ್ಲಿ ಅಲ್ಲಿ ಸ್ಥಾಪಿತವಾದ ಅಮೃತ್ ಎಂಬ ಭಟ್ಟಿಯವರು ೨೦೦೪ರಲ್ಲಿ ತಮ್ಮ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮೊದಲು ಮಾರಾಟಕ್ಕಿಟ್ಟರು. ಕಮ್ಮಾರನ ಬೀದಿಯಲ್ಲಿ ಸೂಜಿ ಮಾರಿ ಗೆದ್ದ ಹಾಗಾಯಿತು. ಸೆಕೆಯ ದೇಶದಲ್ಲಿ ಪೀಪಾಯಿಯ ಗುಣ ಬೇಗ ಇಳಿಯುವುದರಿಂದ, ಇಲ್ಲಿಯ ನಾಲ್ಕೈದು ವರ್ಷದ ಸರಕು ಅಲ್ಲಿಯ ಬಹುವರ್ಷದ ಸರಕಿಗೆ ಜೋಡಿಯಾಗಿ ನಿಲ್ಲುವುದಂತೆ. ಆದರೆ ದೇವದೂತರು ತಿನ್ನುವುದೂ ಅಷ್ಟೇ ಬೇಗ.

"ಮುಂದಿನ ಬೇಸಗೆಯಲ್ಲಿ ಮಾವನೂ ಅತ್ತೆಯೂ ಬರಬೇಕು. ನೀವು ಕುಡಿಯಬೇಕಾಗಿಲ್ಲ. ಬರೇ ನೋಡಿದರಾಯಿತು. ಅದಾಗದಿದ್ದರೆ ಬೆಂಗಳೂರಿಗಾದರೂ ಹೋಗಿ ಬರೋಣ" ಎಂದು ಅಳಿಯನು ಮಾತು ಮುಗಿಸಿದನು.

ನಮ್ಮ ಮನೆಯವರು ಉತ್ತರವೀಯದೆ ಮಜ್ಜಿಗೆ ಬಡಿಸಿದರು. ಪಾತ್ರೆಗಳನ್ನು ಎತ್ತಿ ಒಳಗೆ ಹೋದರು. ಬಚ್ಚಲ ಕಡೆಯಿಂದ ನೀರಿನ ಸದ್ದು ಎಂದಿಗಿಂತ ಹೆಚ್ಚುಹೊತ್ತು ಕೇಳಿಸಿತು. ಮಲಗುವ ಹೊತ್ತಿಗೆ ಅವರು ನಮ್ಮೊಡನೆ ಇಷ್ಟೇ ಹೇಳಿದರು: "ನಮ್ಮ ಅಪ್ಪಯ್ಯನ ಬೈಲುಗದ್ದೆ ಯಾವ ದಾರಿಯಲ್ಲಿ ಹೋಯಿತೋ, ಅದೇ ದಾರಿಯಲ್ಲಿ ನಾವು ವಿಹಾರಕ್ಕೆ ಹೋಗುವುದೇ?"

ವಾಚಕರಿಗೆ ಇದನ್ನು ವಿವರಿಸಬೇಕು. ನಮ್ಮ ಮಾವನವರದು ಹಿರಿಯಡ್ಕದ ಸಮೀಪದ ಒಂದು ಹಳ್ಳಿ. ಎರಡು ಬೆಳೆಯ ಗದ್ದೆ, ಅಂಚಿನಲ್ಲಿ ತೋಡು, ಮೇಲೆ ಹತ್ತಾರು ತೆಂಗಿನ ಮರಗಳು. ಕೊಟ್ಟೆ ಸಾರಾಯಿಯೆಂದು ಈ ಸೀಮೆಯವರು ಕರೆಯುತ್ತಿದ್ದ, ಪುಟ್ಟ ಚೀಲಗಳಲ್ಲಿ ತುಂಬಿದ ಸರಕು ಗಡಂಗುಗಳಲ್ಲಿ ಬಿಕರಿಯಾಗುತ್ತಿದ್ದ ಕಾಲವದು. ಮೊದಲು ಸಂಜೆಗೊಂದು, ಆಮೇಲೆ ಬೆಳಗಿಗೊಂದು. ಗಡಂಗಿನ ಸಾಲ ಮೊದಲು ತೆಂಗಿನಕಾಯಿಯಲ್ಲಿ ತೀರುತ್ತಿದ್ದುದು ಬರಬರುತ್ತ ಭತ್ತದಲ್ಲಿ ತೀರಿ, ಕೊನೆಗೆ ಗದ್ದೆಯಲ್ಲಿಯೇ ತೀರಿತು. ನಮ್ಮ ಮನೆಯವರು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ವರ್ಷವೇ ಗದ್ದೆಯ ಕಾಗದವಾಯಿತು. ಕೊಂಡವರು ಸಜ್ಜನರು, ಅವರದೇನೂ ತಪ್ಪಿಲ್ಲ. ಮದುವೆಯಾಗಿ ಬಂದ ಮೇಲೆ ಈ ಮೂವತ್ತುಚಿಲ್ಲರೆ ವರ್ಷಗಳಲ್ಲಿ ನಾವು ಕಾರ್ಕಳಕ್ಕೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಹಿರಿಯಡ್ಕ ಬಂದಾಗ ಅವರು ಬಂಡಿಯ ಇನ್ನೊಂದು ಕಡೆಗೆ ಮುಖಮಾಡಿ ಕುಳಿತುಕೊಳ್ಳುವುದನ್ನು ಕಂಡಿದ್ದೆವು, ಕಾರಣವನ್ನು ಕೇಳಿರಲಿಲ್ಲ.

ಮಾತು ಅಲ್ಲಿಗೇ ಮುಗಿಯಿತೆಂದು ನಾವು ಬಗೆದಿದ್ದೆವು. ನಾಲ್ಕನೆಯ ದಿನ ಅವರೇ ಅದನ್ನು ಎತ್ತಿದರು. ನೆರೆಮನೆಯ ಬಾಯಮ್ಮನವರು ಹಬ್ಬದ ಸನ್ನಗಳನ್ನು ಕಳುಹಿಸಿದ್ದರು. ಕ್ರೈಸ್ತ ಬಂಧುಗಳು ಅಕ್ಕಿಹಿಟ್ಟಿಗೆ ಹುಳಿಬರಿಸಲು ಹೊಸ ಕಳ್ಳನ್ನು ಹಾಕಿ ಬೇಯಿಸುವ ಈ ತಿಂಡಿಯು ನಮ್ಮ ಇಡ್ಲಿಗಿಂತ ಮಿದುವೆಂಬುದನ್ನು ಒಪ್ಪಲೇಬೇಕು. ಸನ್ನವನ್ನು ಮುರಿಯುತ್ತ ನಮ್ಮ ಮನೆಯವರು, "ನಾನು ಸಣ್ಣವಳಿದ್ದಾಗ ನಮ್ಮಲ್ಲಿಗೆ ಮೂರ್ತೆಗೆ ಬರುತ್ತಿದ್ದವನು ಬೆಳಿಗ್ಗೆ ಮರದಿಂದ ಇಳಿದೊಡನೆ ಒಂದು ಕುಡಿತೆ ಸಿಹಿಯನ್ನು ನನ್ನ ಕೈಗೆ ಸುರಿಯುತ್ತಿದ್ದ. ಎಳನೀರಿಗಿಂತ ಸಿಹಿ. ಮರದಿಂದ ಇಳಿದದ್ದು ಬೇರೆ, ಗಡಂಗಿಗೆ ಕೊಟ್ಟೆಯಲ್ಲಿ ಬಂದದ್ದು ಬೇರೆ. ಎರಡನ್ನೂ ಒಂದೇ ಎಂದು ನಾನು ಇಷ್ಟು ವರ್ಷ ದ್ವೇಷಿಸಿದೆ. ಅಳಿಯನ ಪ್ರವಾಸ ಬೇಡ. ನಮ್ಮದೇ ಒಂದು ಮಾಡುವ. ಮರದಿಂದ ಹಿಡಿದು ನೋಡುವ" ಎಂದರು.

ಹೀಗೆ ಸ್ಪೇ ನದಿಯ ಪ್ರವಾಸವು ಉಡುಪಿಯ ಸುತ್ತಿನ ಪ್ರವಾಸವಾಯಿತು. ಉಡುಪಿಯಿಂದ ದಕ್ಷಿಣಕ್ಕೆ ಕಟಪಾಡಿ, ಕಾಪು. ಅಲ್ಲಿಂದ ಒಳನಾಡಿಗೆ ತಿರುಗಿ ಶಿರ್ವ, ಬೆಳ್ಮಣ್, ನಿಟ್ಟೆಯ ಮೇಲೆ ಕಾರ್ಕಳ. ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲವಾಗಿ ಮರಳಿ ಮನೆ. ಇಡೀ ಸುತ್ತು ನೂರು ಕಿಲೋಮೀಟರಿನೊಳಗೆ. ಅವಸರದವನು ಅರ್ಧ ದಿನದಲ್ಲಿ ಮುಗಿಸಿಯಾನು. ನಾವು ಮೂರು ದಿನಗಳನ್ನು ಗೊತ್ತುಮಾಡಿದ್ದೇವೆ.

ಮೂರ್ತೆಯೆಂದರೆ ಮರದಿಂದ ಕಳ್ಳಿಳಿಸುವ ಕಸುಬು. ಈ ಶಬ್ದವನ್ನು ಅರಿಯದ ಘಟ್ಟದ ಮೇಲಿನ ವಾಚಕರಿಗಾಗಿ ಹೇಳುವುದಾದರೆ, ನಿಮ್ಮಲ್ಲಿ ಈಚಲು ಮರದ ಸೇಂದಿ ಹೇಗೋ ಇಲ್ಲಿ ತೆಂಗು, ತಾಳೆ, ಬೈನೆ ಈ ಮೂರು ಮರಗಳ ಕಳ್ಳು ಹಾಗೆ. ಬೈನೆಯನ್ನು ಬಗನಿಯೆಂದೂ ಕರೆಯುವರು. ತುಳುವಿನಲ್ಲಿ ಅದು ಈಂದು. ಮೂರರಲ್ಲಿ ವಿಚಿತ್ರವಾದ ಮರ ಇದೇ. ವರ್ಷಗಟ್ಟಲೆ ಸುಮ್ಮನೆ ಬೆಳೆದು, ಪ್ರಾಯ ತುಂಬಿದ ಮೇಲೆ ತುದಿಯಿಂದ ಆರಂಭಿಸಿ ಕೆಳಕೆಳಗೆ ಹೂಗೊಂಚಲುಗಳನ್ನು ಬಿಡುತ್ತ ಬಂದು, ಕೊನೆಯ ಗೊಂಚಲು ಮುಗಿದೊಡನೆ ಸತ್ತುಹೋಗುತ್ತದೆ. ಕ್ಷಾಮದ ಕಾಲದಲ್ಲಿ ಅದರ ತಿರುಳಿನ ಹಿಟ್ಟನ್ನು ತೊಳೆದು ಗಂಜಿ ಕಾಸಿ ಕುಡಿದು ಬದುಕಿದ ಮನೆತನಗಳು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಯೋಜನೆಯನ್ನು ಪಕ್ಕಾ ಮಾಡುವ ಮೊದಲು, ಕಾಪುವಿನ ಬಳಿಯಲ್ಲಿ ಮೂರ್ತೆಯ ಒಬ್ಬ ಹಿರಿಯರನ್ನು ಪರಿಚಿತರ ಮೂಲಕ ಕೇಳಿಕೊಂಡು, ಒಂದು ಮುಂಜಾನೆ ನಾವು ಮೂವರೂ ಹೋಗಿ ನೋಡಿದೆವು. ಬೆಳಕು ಹರಿಯುವ ಮುನ್ನವೇ ಅವರು ಮರದ ಬುಡದಲ್ಲಿದ್ದರು. ಅರುವತ್ತು ದಾಟಿದ ಪ್ರಾಯ, ಸೊಂಟದಲ್ಲಿ ಕತ್ತಿ, ಬೆನ್ನಿಗೆ ಪಾತ್ರೆ, ಕಾಲಿಗೆ ನಾರಿನ ಕುಣಿಕೆ. ಇನ್ನೂ ಬಿರಿಯದ ತೆಂಗಿನ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು ಸುತ್ತಿ, ಪುಟ್ಟ ಕೊಡತಿಯಿಂದ ಕೆಲವು ದಿನಗಳವರೆಗೆ ಮೆಲ್ಲಗೆ ಬಡಿಯುತ್ತ, ಕೆಳಗೆ ಬಾಗುವಂತೆ ಪಳಗಿಸಿ, ಆಮೇಲೆ ತುದಿಯನ್ನು ಕೊಯ್ದು ಮಡಕೆಯನ್ನು ಕಟ್ಟುತ್ತಾರೆ. ಪೆಟ್ಟು ಜೋರಾದರೆ ಒಳಗಿನ ಹೂ ಒಡೆದು ಕೊಳೆಯುತ್ತದೆ. ಮೆದುವಾದರೆ ರಸ ಇಳಿಯದು. "ಕೂಸನ್ನು ತಟ್ಟಿ ಮಲಗಿಸಿದ ಹಾಗೆ ತಟ್ಟಬೇಕು ಅಮ್ಮ" ಎಂದು ಅವರು ನಮ್ಮ ಮನೆಯವರಿಗೆ ತುಳುವಿನಲ್ಲಿ ತಿಳಿಸಿಹೇಳಿದರು. ರಸದ ಬಾಯಿ ಕಟ್ಟದಂತೆ ದಿನಕ್ಕೆ ಎರಡು ಮೂರು ಸಲ ತುದಿಯನ್ನು ತೆಳ್ಳಗೆ ಕೆತ್ತಬೇಕು. ಅಂದರೆ ಒಂದು ಮರಕ್ಕೆ ದಿನಕ್ಕೆ ಎರಡು ಮೂರು ಸಲ ಏರಬೇಕು. ಅವರ ಕೈಯಲ್ಲಿ ಹತ್ತು ಮರಗಳಿವೆ. ಎಷ್ಟು ಏರಿಕೆ, ಎಷ್ಟು ಇಳಿತವಾಯಿತೆಂದು ವಾಚಕರೇ ಗುಣಿಸಿಕೊಳ್ಳಲಿ.

ಮಡಕೆಯ ಒಳಮೈಗೆ ಸುಣ್ಣ ಬಳಿದು ಕಟ್ಟಿದರೆ ರಸವು ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆ, ಅದು ನೀರಾ. ಸುಣ್ಣವಿಲ್ಲದ ಮಡಕೆಯಲ್ಲಿ ಗಾಳಿಯ ಕಿಣ್ವವು ಕೂಡಲೇ ಕೆಲಸಕ್ಕೆ ತೊಡಗಿ, ಬೆಳಗಿನ ಸಿಹಿಯು ಮಧ್ಯಾಹ್ನಕ್ಕೆ ನೊರೆಗಟ್ಟಿ, ನೂರಕ್ಕೆ ನಾಲ್ಕೈದರಷ್ಟು ಮದ್ಯಸಾರವುಳ್ಳ ಕಳ್ಳಾಗುತ್ತದೆ. ಇನ್ನೂ ಬಿಟ್ಟರೆ ಅಡಿಗೆಯ ವಿನಿಗರಾಗಿ ಮುಗಿಯುತ್ತದೆ. ಸ್ಕಾಟ್ಲೆಂಡಿನವನು ಮೊಳಕೆ ಬರಿಸಿ ಬೀಸಿ ಕದಡಿ ಪಡೆಯುವ ಸಕ್ಕರೆಯ ನೀರನ್ನು ನಮ್ಮಲ್ಲಿ ಮರವೇ ಸಿದ್ಧಮಾಡಿ ತೊಟ್ಟಿಕ್ಕಿಸುತ್ತದೆಂದು ಅಳಿಯನು ಬೆರಗಾದನು. ಸಿಹಿಯನ್ನು ಕಾಸಿದರೆ ಓಲೆಬೆಲ್ಲ. ಒಂದು ಕಿಲೋ ಬೆಲ್ಲಕ್ಕೆ ಏಳೆಂಟು ಲೀಟರು ಸಿಹಿಯೂ, ಅದಕ್ಕೆ ತಕ್ಕ ಸೌದೆಯೂ, ಒಲೆಯ ಮುಂದೆ ಕದಲದೆ ಕೂರುವ ಒಬ್ಬ ಹೆಂಗಸೂ ಬೇಕು. ಅಂಗಡಿಯಲ್ಲಿ ಓಲೆಬೆಲ್ಲದ ಬೆಲೆಯನ್ನು ಕೇಳಿ ಹುಬ್ಬೇರಿಸುವ ಮುನ್ನ ಈ ಲೆಕ್ಕವನ್ನು ನೆನೆಯುವುದೊಳ್ಳೆಯದು. ನಾವು ಕೂಡ ಹುಬ್ಬೇರಿಸಿದವರೇ.

ಆ ಹಿರಿಯರ ಜಗಲಿಯಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳ ಪಟವಿತ್ತು. ಅದಕ್ಕೆ ಅಂದಿನ ಹೂ ಆಗಲೇ ಏರಿತ್ತು. ಗುರುಗಳು ೧೯೧೨ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆಮಾಡಿ ಬಿಲ್ಲವರಿಗೆ ದೇವಾಲಯದ ಬಾಗಿಲನ್ನು ತೆರೆದವರು. ಅವರೇ ೧೯೨೧ರಲ್ಲಿ, ಮದ್ಯವನ್ನು ತಯಾರಿಸಲೂ ಬೇಡಿ, ಕೊಡಲೂ ಬೇಡಿ, ಕುಡಿಯಲೂ ಬೇಡಿರೆಂದು ತಮ್ಮ ಜನರಿಗೆ ಬೋಧಿಸಿದರು. ಕುಲಕಸುಬೇ ಅದಾಗಿದ್ದವರಿಗೆ ಈ ಬೋಧೆ ಎಷ್ಟು ಭಾರವಾಗಿದ್ದಿರಬೇಕು! ನಮ್ಮ ಕಣ್ಣು ಪಟದ ಕಡೆಗೆ ಹೋದುದನ್ನು ಕಂಡು ಆ ಹಿರಿಯರು ತಾವಾಗಿಯೇ ಹೇಳಿದರು: "ಗುರುಗಳು ಬೇಡವೆಂದರು, ಹೊಟ್ಟೆ ಬೇಕೆಂದಿತು. ಇಬ್ಬರು ಮಕ್ಕಳನ್ನು ಈ ಮರಗಳೇ ಓದಿಸಿದವು. ದೊಡ್ಡವನು ಮುಂಬಯಿಯಲ್ಲಿ, ಸಣ್ಣವನು ದುಬಾಯಿಯಲ್ಲಿ. ನನ್ನ ಕತ್ತಿ ನನ್ನೊಂದಿಗೇ ಮುಗಿಯುತ್ತದೆ. ಗುರುಗಳ ಮಾತು ನಡೆದ ಹಾಗೇ ಆಯಿತಲ್ಲ." ಅವರ ಜೊತೆಯ ಕೆಲಸಗಾರನೊಬ್ಬನು ಮಳೆಗಾಲದಲ್ಲಿ ಮರದಿಂದ ಜಾರಿಬಿದ್ದು ಹನ್ನೆರಡು ವರ್ಷಗಳಿಂದ ಹಾಸಿಗೆಯಲ್ಲಿದ್ದಾನೆಂಬುದನ್ನೂ ಮಾತಿನ ನಡುವೆ ತಿಳಿಸಿದರು.

ಸರಕಾರವೂ ಈ ಕಸುಬಿನೊಡನೆ ಒಂದೇ ಬಗೆಯಾಗಿ ನಡೆದುಕೊಂಡಿಲ್ಲ. ಮದರಾಸು ಪ್ರಾಂತದಲ್ಲಿ ೧೯೩೭ರ ಪಾನನಿರೋಧದ ಕಾಯಿದೆಯು ಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂದು, ೧೯೪೮ರ ಹೊತ್ತಿಗೆ ಇಡೀ ಪ್ರಾಂತಕ್ಕೆ ಹಬ್ಬಿತು. ಆಗ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದುದರಿಂದ ಇಲ್ಲಿಯ ಮರಗಳೂ ಬತ್ತಿದವು. ಮುಂದೆ ಕಾಲ ತಿರುಗಿ ಗಡಂಗುಗಳು ತೆರೆದವು, ಸಾರಾಯಿ ಹರಿಯಿತು. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿಯಿಂದ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೊನೆಗೆ ೨೦೦೭ರ ಜುಲಾಯಿ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಷಿದ್ಧವಾಯಿತು. ನಮ್ಮ ಮನೆಯವರ ತಂದೆಯವರು ಅದಕ್ಕೆ ಆರು ವರ್ಷ ಮೊದಲೇ ತೀರಿಕೊಂಡಿದ್ದರು. ಕಳ್ಳಿನ ಮೂರ್ತೆಯು ಮಾತ್ರ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಅಬಕಾರಿಯವರ ಪರವಾನಗಿಯ ಮೇಲೆ, ಮೂರ್ತೆದಾರರ ಸಹಕಾರ ಸಂಘಗಳ ಆಸರೆಯಲ್ಲಿ ನಡೆದುಬಂದಿದೆ.

ಇನ್ನು ನಮ್ಮ ಪ್ರವಾಸದ ಕ್ರಮ. ತಿಂಗಳು ಜನವರಿ. ಮಳೆ ನಿಂತು ಮರ ಒಣಗಿರಬೇಕು, ಬಿಸಿಲು ಇನ್ನೂ ಏರಿರಬಾರದು, ತಾಳೆಯ ಕಾಲವೂ ಆರಂಭವಾಗಿರಬೇಕು. ಮೊದಲನೆಯ ದಿನ ನಸುಕಿನಲ್ಲಿಯೇ ಹೊರಟು ಕಾಪುವಿನ ಆ ಹಿರಿಯರಲ್ಲಿ ಬೆಳಗಿನ ಇಳಿಕೆಯನ್ನು ನೋಡುವುದು. ಹಿಂದಿನ ದಿನವೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಅವರ ಹೊತ್ತಿಗೆ ತಕ್ಕ ಕೂಲಿಯನ್ನು ನಾವಾಗಿಯೇ ಕೊಡಬೇಕು. ಮರದ ಮೇಲಿರುವವರನ್ನು ಕೆಳಗಿನಿಂದ ಕೂಗಿ ಮಾತನಾಡಿಸಕೂಡದು, ಚಿತ್ರ ತೆಗೆಯುವೆವು ಇತ್ತ ತಿರುಗಿರೆಂದು ಹೇಳಲಂತೂ ಕೂಡದು. ಹಗಲನ್ನು ಕಟಪಾಡಿಯ ಕಡೆಗೆ ಹಿಂದಿರುಗಿ ಮಟ್ಟುವಿನ ಗುಳ್ಳದ ಗದ್ದೆಗಳಲ್ಲಿಯೂ ಶಂಕರಪುರದ ಮಲ್ಲಿಗೆಯ ಅಂಗಳಗಳಲ್ಲಿಯೂ ಕಳೆಯುವುದು. ಮಲ್ಲಿಗೆಯ ಅಂದಿನ ಕಟ್ಟೆಯ ಬೆಲೆ ಎಷ್ಟೆಂಬುದು ಆ ಊರಿನಲ್ಲಿ ಆಡಳಿತದ ವಾರ್ತೆಗಿಂತ ದೊಡ್ಡ ವಾರ್ತೆ. ಅದನ್ನು ಕೇಳಲಿಕ್ಕಾದರೂ ಅಲ್ಲಿ ಒಂದು ಗಂಟೆ ನಿಲ್ಲಬೇಕು. ಸಂಜೆಗೆ ಕಾಪುವಿನ ದೀಪಸ್ತಂಭ. ೧೯೦೧ರಲ್ಲಿ ಬಂಡೆಯ ಮೇಲೆ ಕಟ್ಟಿದ ಈ ಸ್ತಂಭವನ್ನು ಸಾಯಂಕಾಲದ ಹೊತ್ತು ಏರಗೊಡುತ್ತಾರೆ. ಮೇಲಿನಿಂದ ಕಂಡಷ್ಟು ದೂರ ತೆಂಗಿನ ತಲೆಗಳೇ. ಅವುಗಳಲ್ಲಿ ಎಷ್ಟು ಮರಗಳಿಗೆ ಇಂದು ಮಡಕೆ ಕಟ್ಟಿದೆಯೆಂದು ಎಣಿಸುವ ಕೆಲಸವನ್ನು ಅಳಿಯನಿಗೆ ವಹಿಸಿದ್ದೇವೆ.

ಎರಡನೆಯ ದಿನ ಶಿರ್ವದ ದಾರಿಯಾಗಿ ಒಳನಾಡು. ಬೆಳ್ಮಣ್ ದಾಟಿದರೆ ತೆಂಗು ಹಿಂದೆ ಸರಿದು ಗುಡ್ಡ, ಗೇರು, ಅಲ್ಲಲ್ಲಿ ಬೈನೆ ಮುಂದೆ ಬರುತ್ತವೆ. ಗೇರುಬೀಜದ ಕಾರ್ಖಾನೆಗಳಿಗೆ ಕಾರ್ಕಳ ಹೆಸರಾದುದು. ಬೀಜಕ್ಕೆ ಬೆಲೆಯುಂಟು, ಹಣ್ಣಿಗಿಲ್ಲ. ಎಪ್ರಿಲ್ ಮೇ ತಿಂಗಳುಗಳಲ್ಲಿ ಮರದಡಿಯಲ್ಲಿ ಕೊಳೆತು ಹೋಗುತ್ತದೆ. ಗೋವೆಯವರು ಅದೇ ಹಣ್ಣಿನ ರಸವನ್ನು ಹುಳಿಬರಿಸಿ, ಭಟ್ಟಿಯಿಳಿಸಿ, ಫೆನಿಯೆಂದು ಮಾರಿ, ಅದಕ್ಕೆ ೨೦೦೯ರಲ್ಲಿ ಪ್ರಾದೇಶಿಕ ಹಕ್ಕಿನ ಮುದ್ರೆಯನ್ನೂ ಪಡೆದರು. ಒಂದೇ ಕರಾವಳಿ, ಒಂದೇ ಹಣ್ಣು. ಅಲ್ಲಿ ಉದ್ಯಮ, ಇಲ್ಲಿ ಗೊಬ್ಬರ. ಹಾಗೆಂದು ಮನೆಯ ಹಿತ್ತಿಲಲ್ಲಿ ಯಾರಾದರೂ ಹಂಡೆಯೇರಿಸುವ ಸಾಹಸಕ್ಕೆ ಹೋಗಬಾರದು. ಅದು ಅಪರಾಧ, ಅಲ್ಲದೆ ಪ್ರಾಣಾಪಾಯ. ಮುದ್ರೆಯಿಲ್ಲದ ಸೀಸೆಯಿಂದ ಭಟ್ಟಿಯಿಳಿಸಿದ ಯಾವುದನ್ನೂ, ಯಾರೇ ಕೊಟ್ಟರೂ, ತುಟಿಗೆ ತಾಗಿಸಬಾರದು.

ಕಾರ್ಕಳದಲ್ಲಿ ೧೪೩೨ರ ಗೊಮ್ಮಟ, ೧೫೮೬ರ ಚತುರ್ಮುಖ ಬಸದಿ. ೪೨ ಅಡಿಯ ಆ ಮೂರ್ತಿಯ ಮುಂದೆ ನಿಂತು, ಮದ್ಯ ಮಾಂಸ ಮಧುಗಳನ್ನು ಮೊದಲೇ ತೊರೆಯಬೇಕೆನ್ನುವ ಮತದ ಮಹಾಪುರುಷನಿಗೆ ನಮ್ಮ ಪ್ರವಾಸದ ಉದ್ದೇಶವನ್ನು ಹೇಗೆ ಅರಿಕೆಮಾಡಬೇಕೆಂದು ನಾವು ಇನ್ನೂ ಯೋಚಿಸುತ್ತಿದ್ದೇವೆ. ಮೂರ್ತೆಯವರ ಮನೆಯಲ್ಲಿ ಬೆಳೆದ ಕೋಟಿ ಚೆನ್ನಯರ ನೆನಪಿನ ವನವೂ ಅದೇ ಊರಿನಲ್ಲಿದೆ. ರಾತ್ರಿಯ ತಂಗುವಿಕೆ ಅಲ್ಲಿಯೇ.

ಬಂಡಿಯ ವಿಷಯದಲ್ಲಿ ನಮ್ಮ ಮನೆಯವರದು ಕಟ್ಟುನಿಟ್ಟು. ರುಚಿ ನೋಡುವವರು ಬಂಡಿ ನಡೆಸಕೂಡದು. ನಡೆಸುವವರು ರುಚಿ ನೋಡಕೂಡದು. ನಮ್ಮ ದೇಶದ ಕಾನೂನಿನಲ್ಲಿ ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರಬಾರದು. ಸ್ಕಾಟ್ಲೆಂಡಿನವರು ೨೦೧೪ರಲ್ಲಿ ತಮ್ಮ ಮಿತಿಯನ್ನು ಇಳಿಸಿದ ಮೇಲೂ ಅದು ೫೦. "ನಮ್ಮ ಬಂಡಿಯಲ್ಲಿ ಸೊನ್ನೆ" ಎಂಬುದು ಅವರ ತೀರ್ಪು. ಆದುದರಿಂದ ಅಳಿಯನು ಕಳ್ಳಿನ ರುಚಿಯನ್ನು ನೋಡುವನು, ನಾವು ನಡೆಸುವೆವು. ಅವರು ಸ್ವತಃ ಸುಣ್ಣದ ಮಡಕೆಯ ಸಿಹಿಯನ್ನು ಮಾತ್ರ, ಅದೂ ಬೆಳಗಿನದನ್ನು ಮಾತ್ರ.

ಮೂರನೆಯ ದಿನದ ಕ್ರಮವು ಬಹಳ ಕಾಲ ಗೊತ್ತಾಗದೆ ಉಳಿಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಪರಂಪರೆಯ ಗ್ರಾಮವನ್ನು ನೋಡಬೇಕೆಂಬುದು ನಮ್ಮ ಆಸೆ. ನಮ್ಮ ಮನೆಯವರು ಮಣಿಪಾಲದಲ್ಲಿ ಬೇರೊಂದನ್ನು ನೆನೆದರು. ಉಡುಪಿಯಲ್ಲಿ ೧೯೨೫ರಲ್ಲಿ ಹು‍ಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಮಣಿಪಾಲದಲ್ಲಿ ನೆಲೆಸಿದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಎಂಬ ಉಳಿತಾಯವನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಮನೆಬಾಗಿಲಿಗೇ ಬಂದು ಪಡೆಯುವರು. ೨೦೨೦ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. "ಸಂಜೆ ಅಪ್ಪಯ್ಯ ಮೊದಲು ಬರುತ್ತಾರೋ, ಪಿಗ್ಮಿಯವನು ಮೊದಲು ಬರುತ್ತಾನೋ ಎಂದು ಅಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನು ಮೊದಲು ಬಂದ ದಿನ ನನ್ನ ಓದಿಗೆ. ಅಪ್ಪಯ್ಯ ಮೊದಲು ಬಂದ ದಿನ ಗಡಂಗಿಗೆ. ಪುಸ್ತಕವನ್ನು ಅಕ್ಕಿಯ ಡಬ್ಬದೊಳಗೆ ಇಡುತ್ತಿದ್ದಳು" ಎಂದರು. ಇದನ್ನು ನಾವು ಈ ಮೂವತ್ತು ವರ್ಷಗಳಲ್ಲಿ ಕೇಳಿರಲಿಲ್ಲ.

ಅಳಿಯನು ಹಾಳೆಯ ಮೇಲೆ ಮೂರನೆಯ ದಿನದ ಹೊತ್ತುಗಳನ್ನು ಬರೆಯುತ್ತ ಕುಳಿತಿದ್ದನು. ಎಂಟು ಗಂಟೆಗೆ ಕಾರ್ಕಳದಿಂದ ಹೊರಡುವುದು, ಬೈಲೂರು, ಉಡುಪಿಗೆ ಕುಡಿಯುವ ನೀರು ಬರುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಮಣಿಪಾಲದಲ್ಲಿ ಮಧ್ಯಾಹ್ನದ ಊಟ. ನಮ್ಮ ಮನೆಯವರು ಹಿಂದಿನಿಂದ ಬಗ್ಗಿ ನೋಡಿ, ಬೈಲೂರಿಗೂ ಅಣೆಕಟ್ಟಿಗೂ ನಡುವೆ ಬೆರಳಿಟ್ಟು, "ಇಲ್ಲಿ ನಮ್ಮ ಗದ್ದೆ ಬರೆ" ಎಂದರು.

"ಎಷ್ಟು ಹೊತ್ತೆಂದು ಬರೆಯಲಿ, ಅತ್ತೆ?"

"ಹೊತ್ತು ಬರೆಯಬೇಡ. ಜಾಗ ಬಿಡು."

ಅವನು ನಾಲ್ಕು ಗೆರೆಗಳಷ್ಟು ಜಾಗವನ್ನು ಬಿಟ್ಟು, ಮಣಿಪಾಲದ ಊಟವನ್ನು ಕೆಳಗೆ ಸರಿಸಿ ಬರೆದನು. ಗದ್ದೆಯ ಈಗಿನ ಒಡೆಯರಿಗೆ ಮೊನ್ನೆ ನಾವು ಪತ್ರ ಹಾಕಿದ್ದೇವೆ.